ಬಿಯರ್ ಟ್ರಿಪ್ ಎಲ್ಲಿಗೆ? ಮೊದಲು ಕಂಟೋನ್ಮೆಂಟ್‌ಗೆ

ಬಳ್ಳಾರಿಯಿಂದ ಮಾತಾಡ್ತಿದ್ದೀನಿ. ಹೋದ ತಿಂಗಳು ನಾವು ನಾಲ್ವರು ಗೆಳೆಯರು ಬಿಯರ್ ಟೇಸ್ಟಿಂಗ್ ಟ್ರಿಪ್‌ಗೆ ಪ್ಲಾನ್ ಹಾಕ್ತಾ ನಮ್ಮನೇಲಿ ಕೂತಿದ್ವಿ. ಒಬ್ಬ ಗೋವಾ ಅಂದ, ಇನ್ನೊಬ್ಬ ಬೆಂಗಳೂರು ಅಂದ. ಅಡುಗೆಮನೆಯಿಂದ ಅಮ್ಮ ಕೇಳಿದ್ರು: "ಕುಡಿಯಾಕ ಟಿಕೆಟ್ ಬ್ಯಾರೆ ತಗಸ್ತೀರೇನು?" ಎಲ್ರೂ ನಕ್ವಿ. ಆದ್ರೆ ಆ ಪ್ರಶ್ನೆ ನನ್ನ ಬಿಡಲಿಲ್ಲ. ಬಿಯರ್ ನಮ್ಮ ಕಡೆ ಬಂದದ್ದಾದರೂ ಹೇಗೆ?

ಸೈನ್ಯದ ಜೊತೆ ಬಂತು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಊರು ದೊಡ್ಡ ದಂಡಿನ ಠಾಣೆ ಆಯ್ತು. ಕಂಟೋನ್ಮೆಂಟ್ ಸ್ಟೇಷನ್ ಅನ್ನೋ ಹೆಸರು ಇವತ್ತಿಗೂ ಇದೆ.

ಆಗಿನ ಬಿಯರ್ ಇಂಗ್ಲೆಂಡಿನಿಂದ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಹಡಗಿನಲ್ಲಿ ಬರ್ತಿತ್ತು. ಅಧಿಕಾರಿಗಳಿಗೆ ಪೇಲ್ ಏಲ್, ಸಾಮಾನ್ಯ ಸೈನಿಕರಿಗೆ ಹೆಚ್ಚಾಗಿ ಕಪ್ಪು ಪೋರ್ಟರ್. ಇಲ್ಲೇ ಮಾಡೋಣ ಅಂದ್ರೆ ಬಳ್ಳಾರಿ ಬಿಸಿಲು ಗೊತ್ತಲ್ಲ! ಫ್ರಿಜ್ ಇಲ್ಲದ ಕಾಲದಲ್ಲಿ ಬಿಯರ್ ಹುದುಗಲು ತಂಪು ಹವೆ ಬೇಕು. ಅದಕ್ಕೇ ಬ್ರುವರಿಗಳು ಬೆಟ್ಟ ಹತ್ತಿದವು: ಉತ್ತರದಲ್ಲಿ ಕಸೌಲಿ, ನಮ್ಮ ಕಡೆ ನೀಲಗಿರಿ. ನೀಲಗಿರಿಯ ಕ್ಯಾಸಲ್ ಬ್ರುವರಿ 1857ರದ್ದು. 1915ರಲ್ಲಿ ಥಾಮಸ್ ಲೀಶ್‌ಮನ್ ಅದನ್ನೂ ಸೇರಿಸಿ ದಕ್ಷಿಣದ ಐದು ಬ್ರುವರಿಗಳನ್ನು ಒಂದು ಮಾಡಿದ. ಅದೇ ಯುನೈಟೆಡ್ ಬ್ರುವರೀಸ್. ದೊಡ್ಡ ಪೀಪಾಯಿಗಳಲ್ಲಿ ಬಿಯರ್ ತುಂಬಿ ಎತ್ತಿನ ಗಾಡಿಯಲ್ಲಿ ದಂಡಿಗೆ ಕಳಿಸ್ತಿದ್ರು. 1947ರಲ್ಲಿ ವಿಠ್ಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಬೆಂಗಳೂರಿನ ಹಳೇ ಬ್ರುವರಿ ಜಾಗದಲ್ಲೇ ಈಗ ಯುಬಿ ಸಿಟಿ ನಿಂತಿದೆ.

ಅಂದ್ರೆ ದಕ್ಷಿಣದ ಬಿಯರ್ ಮ್ಯಾಪ್ ಅನ್ನೋದು ದಂಡಿನ ಮ್ಯಾಪ್.

ನಾನು ಬಿಕಾಂ ಓದಿದವನು, ಲೆಡ್ಜರ್‌ನ ಎರಡೂ ಕಡೆ ನೋಡಬೇಕು. ಸೈನಿಕ ಸಾರಾಯಿ ಕುಡಿದು ಹಾಳಾಗಬಾರದು ಅಂತ ಸರ್ಕಾರ ಅವನಿಗೆ ಬಿಯರ್ ಕುಡಿಸ್ತು. ಅದೇ ಸರ್ಕಾರ ಊರಿನವರಿಗೆ ಸಾರಾಯಿ ಮಾರುವ ಹಕ್ಕನ್ನು ಹರಾಜು ಹಾಕಿ ಬೊಕ್ಕಸ ತುಂಬಿಸ್ಕೊಂಡಿತು. 1948ರಲ್ಲಿ ಇಡೀ ಮದ್ರಾಸ್ ಪ್ರಾಂತ್ಯದಲ್ಲಿ ಪಾನನಿಷೇಧ ಬಂತು. ಆಗ ಬಳ್ಳಾರಿಯೂ ಅದರಲ್ಲೇ ಇತ್ತು. 1953ರಲ್ಲಿ ನಾವು ಮೈಸೂರಿಗೆ ಸೇರಿದ್ವಿ. ಮುಂದೆ ಸಾರಾಯಿ ಪ್ಯಾಕೆಟ್ಟಿನಲ್ಲಿ ಬಂತು.

ಸಿರುಗುಪ್ಪದಲ್ಲಿ ಹಮಾಲಿ ಮಾಡ್ತಿದ್ದ ನನ್ನ ತಾತನ ಕೂಲಿ ಆ ಪ್ಯಾಕೆಟ್ಟಿಗೇ ಹೋಯ್ತು. ಅಮ್ಮನ ಶಾಲೆ ಏಳನೇ ಕ್ಲಾಸಿಗೆ ನಿಂತಿತು. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಗಿದ್ದು 2007ರ ಜುಲೈ 1ಕ್ಕೆ. ಅಷ್ಟೊತ್ತಿಗೆ ತಾತ ಇರಲಿಲ್ಲ.

ತಾತ ಕುಡಿದ್ರೆ ಕುಡಿತ, ನಾವು ಕುಡಿದ್ರೆ ಟೇಸ್ಟಿಂಗ್. ಅಮ್ಮ ಕೇಳಿದ್ದು ಇದನ್ನೇ.

ಹಾಗಂತ ಟ್ರಿಪ್ ಕ್ಯಾನ್ಸಲ್ ಮಾಡಿಲ್ಲ. ಗೋವಾ ಬಿಟ್ವಿ, ಅದು ಪೋರ್ಚುಗೀಸರ ನೆಲ, ಈ ಕಥೆಗೆ ಸೇರಲ್ಲ. ಮೊದಲು ಸಂಜೆ ಹೊತ್ತಲ್ಲಿ ಕಂಟೋನ್ಮೆಂಟ್ ಮತ್ತು ಕೌಲ್ ಬಜಾರ್ ಸುತ್ತಾಟ. ಆಮೇಲೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು. ಅಲ್ಲಿ ವಿಠ್ಠಲ್ ಮಲ್ಯ ರಸ್ತೆ, ಒಂದು ಮೈಕ್ರೋಬ್ರುವರಿ, ಒಬ್ಬೊಬ್ಬರಿಗೆ ಸಣ್ಣ ಗ್ಲಾಸು. ಕೊನೆಗೆ ಊಟಿ. ಕುಡಿಯದ ಗೆಳೆಯನೇ ಬೆಂಗಳೂರಿಂದ ಗಾಡಿ ಓಡಿಸ್ತಾನೆ.

ಅಮ್ಮನಿಗೆ ಇದೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಊಟಿಗೆ ನಾನೂ ಬರ್ತೀನಿ, ನಿಮ್ಮ ಗ್ಲಾಸು ಎಣಸಾಕ" ಅಂದ್ರು. ಐದನೇ ಟಿಕೆಟ್ ಬುಕ್ ಆಗಿದೆ.