ಲೈಂಗಿಕ ಆರೋಗ್ಯವೂ ನಮ್ಮ ಗಡಿನಾಡಿನ ಮೌನವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸುಶಿಕ್ಷಿತ ಮನೆಗಳಲ್ಲಿ ಇಂದು ಮಾತಿಗೆ ಬಾರದ ವಿಷಯವು ಬಹುಶಃ ಒಂದೇ ಉಳಿದಿರುವದು. ರಾಜಕಾರಣ, ಕಬ್ಬಿನ ದರ, ಮಕ್ಕಳ ಪರೀಕ್ಷೆ ಇವೆಲ್ಲ ಊಟದ ಪಂಕ್ತಿಯಲ್ಲಿಯೇ ಚರ್ಚೆಯಾಗುವವು. ಆದರೆ ಮೈನೆರೆದ ಮಗಳಿಗೂ ಮೀಸೆ ಮೂಡುವ ಮಗನಿಗೂ ತಮ್ಮ ದೇಹದಲ್ಲಿ ನಡೆದಿರುವದೇನೆಂಬದನ್ನು ತಂದೆತಾಯಿಗಳು ತಿಳಿಹೇಳುವದಿಲ್ಲ. ಏಕೆಂದು ಕೇಳಿದರೆ, ಇದು ನಮ್ಮ ಸಂಪ್ರದಾಯವಲ್ಲವೆಂದು ಉತ್ತರ ಬರುವದು. ಈ ಉತ್ತರವು ನಿಜವೋ ಎಂಬದನ್ನು ಇತಿಹಾಸವನ್ನು ಸಾಕ್ಷಿಗೆ ಕರೆದು ವಿಚಾರಿಸೋಣ.

ಕಾಮವನ್ನು ಪುರುಷಾರ್ಥಗಳಲ್ಲಿ ಎಣಿಸಿದ ನಮ್ಮ ಹಿರಿಯರು ಅದಕ್ಕೊಂದು ಶಾಸ್ತ್ರವನ್ನೂ ರಚಿಸಿದರು. ಸ್ತ್ರೀಯರು ಈ ಶಾಸ್ತ್ರವನ್ನು ಓದಬಹುದೇ ಎಂಬ ಆಕ್ಷೇಪವನ್ನು ವಾತ್ಸ್ಯಾಯನನು ತಾನೇ ಎತ್ತಿ, ಓದಬಹುದೆಂದೂ ಯೌವನಕ್ಕೆ ಮೊದಲೇ ಓದತಕ್ಕದ್ದೆಂದೂ ನಿರ್ಣಯಿಸಿರುವನು. ಕಲಿಸತಕ್ಕವರು ಅಕ್ಕ, ಸಮವಯಸ್ಸಿನ ಚಿಕ್ಕಮ್ಮ, ವಿಶ್ವಾಸದ ಗೆಳತಿ ಮೊದಲಾದವರೆಂದು ಹೇಳಿರುವನು. ಸುಶ್ರುತನು ಶಾರೀರಸ್ಥಾನದಲ್ಲಿ, 16 ವರ್ಷ ತುಂಬದ ಹೆಣ್ಣಿನಲ್ಲಿ 25 ತುಂಬದ ಪುರುಷನಿಂದ ನಿಂತ ಗರ್ಭವು ಅಳಿಯುವದೆಂದೂ, ಮಗು ಹುಟ್ಟಿದರೂ ಗಟ್ಟಿಯಾಗಿ ಬಾಳದೆಂದೂ ಎಚ್ಚರಿಸಿರುವನು. ನಮ್ಮ ಕನ್ನಡದಲ್ಲಿಯೂ 11ನೆಯ ಶತಮಾನದಲ್ಲಿ ಚಂದ್ರರಾಜನು ‘ಮದನತಿಲಕ’ವನ್ನೂ, 15ನೆಯ ಶತಮಾನದಲ್ಲಿ ಕಲ್ಲರಸನು ‘ಜನವಶ್ಯ’ವನ್ನೂ ಬರೆದರು. 12ನೆಯ ಶತಮಾನದ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದಾಗ ರಜಸ್ಸೂತಕವನ್ನೂ ಬಿಡಲಿಲ್ಲ. ಆ ಶರಣರ ಹೆಸರಿನಲ್ಲಿ ದೀಪ ಹಚ್ಚುವ ಎಷ್ಟೋ ಮನೆಗಳಲ್ಲಿ ಮುಟ್ಟಾದ ಹುಡುಗಿಯು ಇಂದಿಗೂ ಮೂಲೆ ಹಿಡಿಯುವಳು!

ಈ ಗ್ರಂಥಗಳು ಬಹುಮಟ್ಟಿಗೆ ಅರಸರ, ಪಂಡಿತರ ಸೊತ್ತಾಗಿದ್ದವು; ಹಳ್ಳಿಯ ಹೆಣ್ಣುಮಗಳ ಕೈಗೆ ಅವು ಬಂದಿದ್ದವೆಂದು ನಾನು ಹೇಳಲಾರೆ. ಅವುಗಳಿಂದ ಸಿದ್ಧವಾಗುವದು ಇಷ್ಟೇ: ಈ ವಿಷಯವನ್ನು ನುಡಿಯುವದೇ ಪಾಪವೆಂದು ನಮ್ಮ ಪೂರ್ವಿಕರು ಎಣಿಸಿರಲಿಲ್ಲ.

ಈ ಮೌನವನ್ನು ನಾನು ಪಾಠಶಾಲೆಯಲ್ಲಿಯೇ ಕಂಡೆನು. ಕುಮಾರಸಂಭವದ ಏಳನೆಯ ಸರ್ಗದಲ್ಲಿ ಶಿವಪಾರ್ವತಿಯರ ವಿವಾಹ ಮುಗಿಯುತ್ತಲೇ ಪುಸ್ತಕವನ್ನು ಮುಚ್ಚಿದರು. ಎಂಟನೆಯ ಸರ್ಗವನ್ನು ನಾವು ಹುಡುಗರು ಅಟ್ಟದ ಮೇಲೆ ಕೂತು ಓದಿದೆವು. ಗುರುಮುಖದಿಂದ ಕೇಳಿದ್ದರೆ ಕಾವ್ಯವೆನಿಸುತ್ತಿದ್ದದ್ದು, ಕದ್ದು ಓದಿದ್ದರಿಂದ ಕಳವೆನಿಸಿತು. ಕದ್ದು ಕಲಿತ ವಿದ್ಯೆಯು ಅರ್ಧ ಮಾತ್ರ. ಮಿಕ್ಕ ಅರ್ಧವನ್ನು ಬೀದಿಯೇ ತುಂಬುವದು.

ನ್ಯಾಯಾಲಯವೂ ಈ ಮೌನದ ಕಡೆಗೇ ನಿಂತದ್ದುಂಟು. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿ ಸಂತತಿನಿಯಮನದ ಕೇಂದ್ರವನ್ನು ತೆರೆದು, 1927ರಲ್ಲಿ ‘ಸಮಾಜಸ್ವಾಸ್ಥ್ಯ’ವೆಂಬ ಮರಾಠಿ ಮಾಸಪತ್ರಿಕೆಯನ್ನು ಆರಂಭಿಸಿದರು. ಅದರಲ್ಲಿ ವಾಚಕರ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದಕ್ಕಾಗಿ 1934ರಲ್ಲಿ ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಅವರ ಪರವಾಗಿ ವಾದಿಸಿದವರು ಡಾಕ್ಟರ ಅಂಬೇಡಕರರು. ಆದರೂ ಗೆಲವು ದೊರೆಯಲಿಲ್ಲ. ಆಗ ನಮ್ಮ ಚಿಕ್ಕೋಡಿ, ಅಥಣಿ ತಾಲೂಕುಗಳು ಅದೇ ಮುಂಬಯಿ ಪ್ರಾಂತದಲ್ಲಿದ್ದವೆಂಬದನ್ನು ಮರೆಯಲಾಗದು. ಅತ್ತ ಮೈಸೂರು ಸಂಸ್ಥಾನವು 1930ರಲ್ಲಿಯೇ ಸರಕಾರಿ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರಗಳನ್ನು ತೆರೆಯಲು ಅಪ್ಪಣೆ ಕೊಟ್ಟಿತ್ತು. ಒಂದೇ ಕನ್ನಡ ನಾಡಿನ ಒಂದು ಕಡೆ ಬಾಗಿಲು ತೆರೆದಿತ್ತು, ಇನ್ನೊಂದು ಕಡೆ ಮುಚ್ಚಿತ್ತು.

ಮೌನದ ಬೆಲೆಯನ್ನು ತೆತ್ತವರು ಯಾರು? ಸವದತ್ತಿಯ ಗುಡ್ಡದಲ್ಲಿಯೂ ಅಥಣಿ ಸೀಮೆಯ ಕೊಕಟನೂರಿನಲ್ಲಿಯೂ ಯಲ್ಲಮ್ಮನ ಹೆಸರಿನಿಂದ ಮುತ್ತು ಕಟ್ಟಿಸಿಕೊಂಡ ಬಡವರ, ಬಹುತರವಾಗಿ ದಲಿತರ, ಹೆಣ್ಣುಮಕ್ಕಳು. ಇದನ್ನು ತಡೆಯಲು ಕಾಯಿದೆಗಳು ಬಾರದೆ ಇರಲಿಲ್ಲ. ರಾಯಬಾಗವು ಕೊಲ್ಲಾಪುರ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1920ರಲ್ಲಿ, ಶಾಹೂ ಮಹಾರಾಜರು ಈ ಪದ್ಧತಿಯನ್ನು ನಿಷೇಧಿಸಿದರು. 1934ರಲ್ಲಿ ಮುಂಬಯಿ ಪ್ರಾಂತವೂ 1982ರಲ್ಲಿ ಕರ್ನಾಟಕವೂ ಕಾಯಿದೆ ಮಾಡಿದವು. ಆದರೆ ಕಾಯಿದೆಯು ಕಟ್ಟುವ ಕೈಯನ್ನು ಹಿಡಿಯಬಲ್ಲದೇ ಹೊರತು, ಏನೂ ಅರಿಯದ ಬಾಲೆಗೆ ಅವಳ ದೇಹವು ಅವಳದೆಂದು ಹೇಳಲಾರದು. ಅದನ್ನು ಹೇಳಬೇಕಾದ ಬಾಯಿಗಳು ಮುಚ್ಚಿಯೇ ಇದ್ದವು. ಸಾಂಗಲಿ, ಪುಣೆ, ಮುಂಬಯಿಗಳ ದಾರಿ ಹಿಡಿದ ಅನೇಕರು ರೋಗವನ್ನು ಹೊತ್ತು ಊರಿಗೆ ಮರಳಿದರು. 1986ರಲ್ಲಿ ಭಾರತದಲ್ಲಿ ಎಚ್.ಐ.ವಿ. ಕಾಣಿಸಿಕೊಂಡ ಬಳಿಕ ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಬೆಳಗಾವಿಯೂ ಒಂದಾಯಿತು.

ಈ ಮೌನವನ್ನು ಮೊದಲು ಮುರಿದವರು ಸುಶಿಕ್ಷಿತರಾದ ನಾವಲ್ಲ. ನೆರೆಯ ಸಾಂಗಲಿಯಲ್ಲಿ 1992ರಲ್ಲಿ ‘ಸಂಗ್ರಾಮ’ವೆಂಬ ಸಂಸ್ಥೆಯು ಹುಟ್ಟಿತು, 1996ರಲ್ಲಿ ಲೈಂಗಿಕ ವೃತ್ತಿಯ ಹೆಂಗಸರೇ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತ’ನ್ನು ಕಟ್ಟಿದರು. ಅವರು ಒಬ್ಬರಿಗೊಬ್ಬರು ನಿರೋಧದ ಬಳಕೆಯನ್ನು ತಿಳಿಸಿದರು. ಸಮಾಜವು ಕೆಟ್ಟವರೆಂದು ಹೊರಗಿಟ್ಟವರು ಪ್ರಾಣ ಉಳಿಸುವ ಮಾತನ್ನು ಆಡಿದರು. ಒಳ್ಳೆಯವರೆನಿಸಿಕೊಂಡ ನಾವು ಸುಮ್ಮನಿದ್ದೆವು.

ಇಷ್ಟಾದರೂ ನಾವು ಕಲಿತೆವೇ? ಶಾಲೆಗಳಿಗಾಗಿ ಸಿದ್ಧವಾಗಿದ್ದ ಹದಿಹರೆಯದ ಶಿಕ್ಷಣದ ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಸೇರಿ ಹಲವು ರಾಜ್ಯಗಳು ಒಪ್ಪದೆ ತಡೆದವು. ಆಗ ನಾನು ಮಾಸ್ತರನಾಗಿದ್ದೆನು. ಒಂದು ಕಷ್ಟವು ತಪ್ಪಿತೆಂದು ಮನಸ್ಸಿನಲ್ಲಿ ಹಿಗ್ಗಿದವರಲ್ಲಿ ನಾನೂ ಒಬ್ಬನು. ಏಳನೆಯ ತರಗತಿಯ ಒಬ್ಬ ಜಾಣ ಹುಡುಗಿಯು ಒಂದು ದಿನ ಅಂಗಿಯ ಕಲೆಯನ್ನು ಕಂಡು ಅಂಜಿ, ಅಳುತ್ತ ಮನೆಗೆ ಓಡಿದಳು. ಮತ್ತೆ ಬರಲಿಲ್ಲ. ಏಕೆಂದು ನಾನು ಅವರ ಮನೆಗೆ ಹೋಗಿ ಕೇಳಲಿಲ್ಲ. ಕೇಳುವ ಶಬ್ದವೇ ನನ್ನಲ್ಲಿರಲಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದವನಿಗೆ ಒಂದು ಮಾತು ಸಿಕ್ಕಲಿಲ್ಲವೆಂದರೆ ಆ ವಿದ್ಯೆಗೆ ಏನೆನ್ನಬೇಕು?

ವಾಚಕರಲ್ಲಿ ನನ್ನ ವಿನಂತಿಯು ದೊಡ್ಡದಲ್ಲ. ಮುಟ್ಟು ಬರುವ ಮೊದಲೇ ತಾಯಿಯು ಮಗಳಿಗೆ ಅದನ್ನು ತಿಳಿಸಲಿ. ತಂದೆಯು ಮಗನಿಗೆ ಅವನ ದೇಹದ ಬದಲಾವಣೆಯನ್ನೂ, ಹೆಣ್ಣಿನ ಒಪ್ಪಿಗೆಯಿಲ್ಲದೆ ಮುಟ್ಟುವದು ಅಪರಾಧವೆಂಬದನ್ನೂ ಹೇಳಲಿ. ಸೋಂಕು ತಗಲಿದವರನ್ನು ಮನೆಯಲ್ಲಿ ಮುಚ್ಚಿಡದೆ ಆಸ್ಪತ್ರೆಗೆ ಕರೆದೊಯ್ಯಲಿ. 2004ರಿಂದ ಸರಕಾರಿ ಕೇಂದ್ರಗಳಲ್ಲಿ ಎಚ್.ಐ.ವಿ.ಗೆ ಔಷಧವು ಪುಕ್ಕಟೆಯಾಗಿ ದೊರೆಯುವದು. ಸಂಪ್ರದಾಯವನ್ನು ಮುರಿದೆವೆಂದು ಯಾರೂ ಅಳುಕಬೇಕಾಗಿಲ್ಲ. ಅಕ್ಕ, ಚಿಕ್ಕಮ್ಮಂದಿರಿಗೆ ವಾತ್ಸ್ಯಾಯನನು ಒಪ್ಪಿಸಿದ ಕೆಲಸವದು. ನಡುವೆ ಬಿಟ್ಟುಹೋದದ್ದನ್ನು ಮತ್ತೆ ಹಿಡಿದಂತಾಗುವದು.