ಸೆರೆಮನೆಯ ಬಾಗಿಲಿನಾಚೆ

ಕಾಳಿ ನದಿಯ ದಂಡೆಯ ಸದಾಶಿವಗಡವು ಸೋಂದೆಯ ಅರಸ ಸದಾಶಿವನ ಹೆಸರನ್ನು ಹೊತ್ತಿದೆ. ಕೋಟೆ ಪಾಳುಬಿದ್ದರೂ ಹೆಸರು ಅಳಿದಿಲ್ಲ. ಸೆರೆಮನೆಗೆ ಹೋಗಿ ಬಂದವನಿಗೆ ಅಂಟಿದ ಹೆಸರೂ ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಪುನಃ ಪುನಃ ಅಪರಾಧವೆಸಗುವವರನ್ನು ಸುಧಾರಿಸುವುದು ಏಕೆ ಕಷ್ಟವೆಂಬುದನ್ನು ತಿಳಿಯಲು ಈ ಹೆಸರಿನ ಚರಿತ್ರೆಯನ್ನೇ ನೋಡಬೇಕು.

1862ರಲ್ಲಿ ನಮ್ಮ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ವರ್ಷ ಭಾರತೀಯ ದಂಡ ಸಂಹಿತೆಯೂ ಜಾರಿಗೆ ಬಂದಿತು. ಕಳವಿನಂತಹ ಅಪರಾಧಕ್ಕಾಗಿ ಹಿಂದೆ ಶಿಕ್ಷೆಗೊಳಗಾದವನು ಮತ್ತೆ ತಪ್ಪಿದರೆ ಜೀವಾವಧಿಯವರೆಗೂ ಶಿಕ್ಷೆ ವಿಧಿಸಬಹುದೆಂದು ಅದರ 75ನೆಯ ಕಲಮು ಹೇಳಿತು. ಅವನು ಏಕೆ ಮತ್ತೆ ತಪ್ಪಿದನೆಂದು ಕಾನೂನು ಕೇಳಲಿಲ್ಲ.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಂತೂ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಕರೆಯಿತು. 1911ರಲ್ಲಿ ಹೊಸ ಕಾಯ್ದೆ ಅದನ್ನು ದೇಶದುದ್ದಕ್ಕೂ ವಿಸ್ತರಿಸಿತು. ಹುಬ್ಬಳ್ಳಿ, ವಿಜಯಪುರ, ಗದಗಗಳಲ್ಲಿ ಬೇಲಿ ಹಾಕಿದ ವಸಾಹತುಗಳು ಎದ್ದವು. ಅಲ್ಲಿ ಶಾಲೆಯೂ ಇತ್ತು, ದುಡಿಮೆಯೂ ಇತ್ತು; ಜೊತೆಗೆ ಹಾಜರಿಯೂ ಇತ್ತು. ಭಾರತದ ಇಂತಹ ಕೆಲವು ವಸಾಹತುಗಳನ್ನು ಕ್ರೈಸ್ತ ಮಿಷನರಿಗಳೂ ನಡೆಸಿದರು. ಅವರ ಸದುದ್ದೇಶವನ್ನು ಅಲ್ಲಗಳೆಯಲಾಗದು. ಆದರೆ ಕಾಯ್ದೆ ಅಂಟಿಸಿದ ಹೆಸರನ್ನು ಅಳಿಸುವ ಅಧಿಕಾರ ಅವರಿಗೂ ಇರಲಿಲ್ಲ. ಇಂದಿಗೂ ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಬಡಾವಣೆಯ ಹೆಸರು ಉಳಿದಿದೆ.

1919-20ರ ಭಾರತೀಯ ಕಾರಾಗೃಹ ಸಮಿತಿಯು ಸುಧಾರಣೆಯೂ ಸೆರೆವಾಸದ ಗುರಿಯಾಗಬೇಕೆಂದು ಸಾರಿತು. 1952ರಲ್ಲಿ ಬುಡಕಟ್ಟುಗಳ ಕಾಯ್ದೆ ರದ್ದಾಯಿತು. ಆದರೂ ಹಳೆಯ ದೃಷ್ಟಿ ಕಾರಾಗೃಹ ನಿಯಮಗಳಲ್ಲಿ ಅಡಗಿತ್ತು. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಕೈದಿಗಳಿಗೆ ಜಾತಿಯ ಆಧಾರದ ಮೇಲೆ ಕೆಲಸ ಹಂಚುವ ನಿಯಮಗಳನ್ನು ಅಸಾಂವಿಧಾನಿಕವೆಂದು ಘೋಷಿಸಬೇಕಾಯಿತು.

ಹಾಗಾದರೆ ಸುಧಾರಣಾ ಕಾರ್ಯಕ್ರಮಗಳಿಂದ ಪ್ರಯೋಜನವಿಲ್ಲವೇ? ಇದೆ. ಅಮೆರಿಕದಲ್ಲಿ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ವರದಿಯೊಂದರ ಪ್ರಕಾರ, ಸೆರೆಯಲ್ಲಿ ಶಿಕ್ಷಣ ಪಡೆದವರಲ್ಲಿ ಮತ್ತೆ ಅಪರಾಧಕ್ಕೆ ಮರಳಿದವರು, ಪಡೆಯದವರಿಗಿಂತ ನೂರಕ್ಕೆ 13 ಮಂದಿ ಕಡಿಮೆ. ಮಾನಸಿಕ ಚಿಕಿತ್ಸಾ ಕಾರ್ಯಕ್ರಮಗಳನ್ನು ಕುರಿತ 2021ರ ಪರಿಶೀಲನೆಯೊಂದು ಇನ್ನೊಂದು ಮಾತನ್ನು ಹೇಳಿತು: ಗೋಡೆಯೊಳಗೇ ಮುಗಿದ ಕಾರ್ಯಕ್ರಮಗಳ ಫಲ ಅಲ್ಪ, ಬಿಡುಗಡೆಯ ನಂತರವೂ ಮುಂದುವರಿದ ಆರೈಕೆಯ ಫಲ ಹೆಚ್ಚು ಭರವಸೆದಾಯಕ.

ಬಿಡುಗಡೆಯ ನಂತರದ ಆ ಕೆಲಸ ಜೈಲಿನ ಅಧಿಕಾರಿಗಳೊಬ್ಬರಿಂದಲೇ ಆಗುವಂತಹುದಲ್ಲ. ಬಿಡುಗಡೆಯಾದವನು ನಮ್ಮ ಊರಿಗೇ ಬರುತ್ತಾನೆ. ಬಾಡಿಗೆಗೆ ಒಂದು ಕೋಣೆ, ದೋಣಿಯ ಮೇಲೋ ಅಂಗಡಿಯಲ್ಲೋ ಒಂದು ಕೆಲಸ ಕೇಳುತ್ತಾನೆ. ಕೊಡುವುದರಲ್ಲಿ ಅಪಾಯವಿಲ್ಲವೆಂದು ನಾನು ಹೇಳಲಾರೆ. ಆದರೆ ಎಲ್ಲ ಬಾಗಿಲುಗಳೂ ಮುಚ್ಚಿದರೆ ಅವನಿಗೆ ತೆರೆದಿರುವುದು ಹಳೆಯ ಸಂಗಡಿಗರ ಬಾಗಿಲೊಂದೇ. ಓದುಗರೇ, ಅವನು ನಾಳೆ ತಮ್ಮ ಬಳಿಗೆ ಬಂದರೆ, ಅವನ ಹಳೆಯ ಹೆಸರಿಗಿಂತ ಮೊದಲು ಅವನಿಗೆ ಯಾವ ಕೆಲಸ ಬರುತ್ತದೆಂದು ಕೇಳುವಿರಾ?