ಒಂದು ಸೀಸೆ ಆಮ್ಲ, ಮೂರು ಬಗೆಯ ಕಾನೂನು

ಶಿವಮೊಗ್ಗದ ಗಾಂಧಿ ಬಜಾರಿನ ಚಿನ್ನಬೆಳ್ಳಿ ಅಂಗಡಿಗಳ ಹಿಂದೆ ಅಕ್ಕಸಾಲಿಗರ ಕಸುಬು ಇದೆ. ಆ ಕಸುಬಿಗೆ ಒರೆಗಲ್ಲಿನ ಜೊತೆಗೆ ಬೇಕಾದದ್ದು ನೈಟ್ರಿಕ್ ಆಮ್ಲ. ಬೆಳ್ಳಿ, ತಾಮ್ರಗಳನ್ನು ಅದು ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಭದ್ರಾವತಿಯಲ್ಲಿ ಉಕ್ಕಿನ ಗುಣವನ್ನು ಪರೀಕ್ಷಿಸುವವರಿಗೂ ಇದೇ ಆಮ್ಲ ಬೇಕು. ಎರಡೂ ಊರುಗಳ ಪದವಿಪೂರ್ವ ಕಾಲೇಜುಗಳ ರಸಾಯನಶಾಸ್ತ್ರದ ಪ್ರಯೋಗಾಲಯಗಳ ಕಪಾಟಿನಲ್ಲೂ ಇದೇ ಆಮ್ಲದ ಸೀಸೆ ಇರುತ್ತದೆ. ಕೈಮೇಲೆ ಬಿದ್ದರೆ ಮೂರೂ ಕಡೆ ಅದು ಮಾಡುವ ಕೆಲಸ ಒಂದೇ: ಮೊದಲು ಉರಿ, ಆಮೇಲೆ ಸುಲಭಕ್ಕೆ ಹೋಗದ ಹಳದಿ ಕಲೆ.

ಆಮ್ಲಕ್ಕೆ ಜಾಗದ ಭೇದವಿಲ್ಲ. ಕಾನೂನಿಗೆ ಇದೆ. ಕಾರ್ಖಾನೆಯಲ್ಲಿ ಆ ಸೀಸೆ ಹಿಡಿದವನ ಕಣ್ಣು, ಶ್ವಾಸಕೋಶಗಳ ಬಗ್ಗೆ ನಮ್ಮ ಶಾಸನಗಳು ದಶಕಗಳಿಂದ ಮಾತನಾಡುತ್ತ ಬಂದಿವೆ. ಅಂಗಡಿಯಲ್ಲಿ ಮಾರುವವನ ಬಗ್ಗೆ ಇತ್ತೀಚೆಗೆ ಮಾತನಾಡಿವೆ. ಶಾಲೆ ಕಾಲೇಜುಗಳ ಲ್ಯಾಬ್ ಅಟೆಂಡರ್ ಬಗ್ಗೆ ಮಾತ್ರ ಅವು ಬಹುಕಾಲ ಮೌನವಾಗಿದ್ದವು. ಆ ಮೌನ ಹೇಗೆ ಬಂತು, ಎಷ್ಟರಮಟ್ಟಿಗೆ ಮುರಿಯಿತು ಎಂಬುದು ತಿಳಿಯಬೇಕಾದ ಚರಿತ್ರೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

ಬೆಂಕಿಪುರದ ಪಾಠ

ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. 1918ರಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ 1923ರಲ್ಲಿ ಕುಲುಮೆ ಹೊತ್ತಿತು. ಕಲ್ಲಿದ್ದಲು ಹತ್ತಿರವಿಲ್ಲದ ಕಾರಣ ಮಲೆನಾಡಿನ ಕಾಡಿನ ಮರವನ್ನೇ ಇದ್ದಿಲಾಗಿಸಿ ಅದರಿಂದ ಕಬ್ಬಿಣ ಕರಗಿಸಲಾಯಿತು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿದಾಗ ಹೊರಬರುವ ಆವಿಯನ್ನು ವ್ಯರ್ಥಮಾಡದೆ ಮೀಥೈಲ್ ಆಲ್ಕೋಹಾಲ್, ಟಾರು, ಅಸಿಟೇಟ್ ಮೊದಲಾದವನ್ನು ತೆಗೆಯುವ ಘಟಕವೂ ಅಲ್ಲಿತ್ತು. ಹೀಗಾಗಿ ಭದ್ರಾವತಿ ಮೊದಲಿನಿಂದಲೂ ಕಬ್ಬಿಣದ ಊರಷ್ಟೇ ಆಗಿರಲಿಲ್ಲ, ರಸಾಯನಗಳ ಊರೂ ಆಗಿತ್ತು. ಮೀಥೈಲ್ ಆಲ್ಕೋಹಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗಬಹುದು. ಶಾಲೆಗಳಲ್ಲಿ ಸ್ಪಿರಿಟ್ ದೀಪಕ್ಕೆ ಸುರಿಯುವ ಸ್ಪಿರಿಟನ್ನು ಕುಡಿಯಲು ಬಾರದಂತೆ ಮಾಡಲು ಬೆರೆಸುತ್ತ ಬಂದದ್ದೂ ಇದನ್ನೇ.

ಕಾರ್ಖಾನೆಯ ಕೆಲಸಗಾರರು ಒಂದೇ ಗೇಟಿನಿಂದ ಒಳಗೆ ಹೋಗುವವರು, ಒಂದೇ ಸೈರನ್ನಿಗೆ ಹೊರಬರುವವರು. ಒಬ್ಬನಿಗೆ ಪೆಟ್ಟಾದರೆ ನೂರು ಜನಕ್ಕೆ ತಿಳಿಯುತ್ತದೆ. ಸಂಘ ಹುಟ್ಟುವುದಕ್ಕೆ ಇದಕ್ಕಿಂತ ಹದವಾದ ನೆಲ ಬೇಕಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಟ್ರೇಡ್ ಯೂನಿಯನ್ ಕಾಯಿದೆ ಬಂದದ್ದು 1926ರಲ್ಲಿ. ಮೈಸೂರು ಸಂಸ್ಥಾನ 1942ರಲ್ಲಿ ತನ್ನದೇ ಕಾರ್ಮಿಕ ಕಾಯಿದೆ ಮಾಡಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು.

ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಇಡೀ ದೇಶಕ್ಕೆ ಫ್ಯಾಕ್ಟರಿ ಕಾಯಿದೆ ಬಂತು. ಅದರ ಕೆಲವು ಕಲಮುಗಳನ್ನು ನೆನೆಯಬೇಕು. ಕಣ್ಣಿಗೆ ಅಪಾಯವಿರುವ ಕೆಲಸಗಳಲ್ಲಿ ಕನ್ನಡಕ ಅಥವಾ ಅಡ್ಡತೆರೆ ಕೊಡಬೇಕು. ಹೊಗೆ, ದೂಳು ಉಸಿರಿಗೆ ಹೋಗದಂತೆ ಹೊರಗೆಳೆಯುವ ಏರ್ಪಾಡು ಇರಬೇಕು. ನೂರೈವತ್ತು ಕೆಲಸಗಾರರಿಗೆ ಒಂದರಂತೆಯಾದರೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ಸೂಚನಾ ಫಲಕಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು. ಪಾದರಸದ ವಿಷವೇರಿಕೆಯಂಥ ಕಾಯಿಲೆ ಕಂಡರೆ ವೈದ್ಯರು ಕಾರ್ಖಾನೆಗಳ ಮುಖ್ಯ ಇನ್ಸ್‌ಪೆಕ್ಟರಿಗೆ ವರದಿ ಮಾಡಬೇಕು. 1984ರ ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ತಾನು ಮುಟ್ಟುವ ವಸ್ತುವಿನ ಅಪಾಯವೇನು ಎಂದು ತಿಳಿಯುವುದು ಕೆಲಸಗಾರನ ಹಕ್ಕಾಯಿತು. ಅಪಾಯಕಾರಿ ಪ್ರಕ್ರಿಯೆಗಳಿರುವ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮನಾಗಿ ಕೂರುವ ಸುರಕ್ಷತಾ ಸಮಿತಿ ಕಡ್ಡಾಯವಾಯಿತು.

ಇವೆಲ್ಲವೂ ಎಲ್ಲ ಕಾರ್ಖಾನೆಗಳಲ್ಲೂ ಚಾಚೂ ತಪ್ಪದೆ ನಡೆದವೆಂದು ಯಾರೂ ಹೇಳಲಾರರು. ಆದರೆ ನಡೆಯದಿದ್ದಾಗ ಕೇಳಲು ಒಂದು ಕಲಮು, ಕೇಳುವುದಕ್ಕೆ ಒಂದು ಸಂಘ, ಬಂದು ನೋಡುವುದಕ್ಕೆ ಒಬ್ಬ ಇನ್ಸ್‌ಪೆಕ್ಟರ್ ಇದ್ದರು.

ಕಪಾಟಿನ ಬೀಗದ ಕೈ

ಈಗ ಶಾಲೆಯ ಪ್ರಯೋಗಾಲಯಕ್ಕೆ ಬರೋಣ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಮೊದಲ ಹತ್ತು ವರ್ಷಗಳ ಶಿಕ್ಷಣದಲ್ಲಿ ವಿಜ್ಞಾನ ಎಲ್ಲರಿಗೂ ಕಡ್ಡಾಯವಾಗಬೇಕೆಂದು ಶಿಫಾರಸು ಮಾಡಿತು. ವಿಜ್ಞಾನ ಹರಡಿದಂತೆ ಪ್ರಯೋಗಾಲಯಗಳೂ ಹರಡಿದವು. ಪ್ರಯೋಗ ಮಾಡುವವರು ಮಕ್ಕಳು, ಮಾಡಿಸುವವರು ಉಪನ್ಯಾಸಕರು. ಆದರೆ ಮಕ್ಕಳು ಬರುವ ಮೊದಲೇ ಪ್ರಯೋಗಾಲಯದಲ್ಲಿ ಒಬ್ಬರು ಇರುತ್ತಾರೆ, ಮಕ್ಕಳು ಹೋದ ಮೇಲೂ ಇರುತ್ತಾರೆ. ಅವರೇ ಅಟೆಂಡರ್.

ಅವರ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಎರಡೂವರೆ ಲೀಟರಿನ ಸೀಸೆಗಳಲ್ಲಿ ಬರುವ ಗಾಢ ಆಮ್ಲವನ್ನು ತಿಳಿಮಾಡಿ ಸಣ್ಣ ಸೀಸೆಗಳಿಗೆ ತುಂಬುವವರು ಅವರು. ಗಂಧಕಾಮ್ಲವನ್ನು ನೀರಿಗೆ ನಿಧಾನವಾಗಿ ಹಾಕಬೇಕು. ನೀರನ್ನು ಆಮ್ಲಕ್ಕೆ ಸುರಿದರೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಲವಣಗಳ ಪರೀಕ್ಷೆಗೆ ಕಿಪ್ ಉಪಕರಣದಲ್ಲಿ ಹೈಡ್ರೋಜನ್ ಸಲ್ಫೈಡ್ ತಯಾರಿಸುವ ಕ್ರಮ ಬಹುಕಾಲ ಇತ್ತು. ಆ ಅನಿಲಕ್ಕೆ ಕೊಳೆತ ಮೊಟ್ಟೆಯ ನಾತ. ಆದರೆ ಪ್ರಮಾಣ ಹೆಚ್ಚಾದಾಗ ಮೂಗು ಅದರ ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನಾತ ಹೋಯಿತೆಂದರೆ ಅಪಾಯ ಹೋಯಿತೆಂದು ಅರ್ಥವಲ್ಲ. ಥರ್ಮಾಮೀಟರ್ ಒಡೆದು ನೆಲದ ಸಂದಿಗೆ ಸೇರಿದ ಪಾದರಸ ವರ್ಷಗಟ್ಟಲೆ ಆವಿ ಬಿಡುತ್ತಿರಬಲ್ಲದು. ಬೀಕರಿನ ಕೆಳಗೆ ಇಡುವ ತಂತಿಬಲೆಯ ನಡುವಿನ ಬಿಳಿ ವೃತ್ತ ಹಿಂದೆಲ್ಲ ಕಲ್ನಾರಿನದೇ. ಅದು ಉದುರಿದಾಗ ಗುಡಿಸುವವರು ಇವರೇ.

ವಿದ್ಯಾರ್ಥಿ ವಾರಕ್ಕೆ ಕೆಲವು ಗಂಟೆ ಇಲ್ಲಿದ್ದು ಎರಡು ವರ್ಷಗಳಲ್ಲಿ ಹೊರಟುಹೋಗುತ್ತಾನೆ. ಅಟೆಂಡರ್ ಮೂವತ್ತು ವರ್ಷ ಇದೇ ಗಾಳಿಯನ್ನು ಉಸಿರಾಡಬಹುದು. ಆದರೂ 1948ರ ಕಾಯಿದೆಯ ಕಣ್ಣಿಗೆ ಇದು ಕಾರ್ಖಾನೆಯಲ್ಲ. ಕಾರ್ಖಾನೆ ಎನಿಸಿಕೊಳ್ಳಲು ಅಲ್ಲಿ ತಯಾರಿಕೆ ನಡೆಯಬೇಕಿತ್ತು. ವಿದ್ಯುತ್ ಬಳಸುವಲ್ಲಿ ಹತ್ತು ಜನ, ಬಳಸದಲ್ಲಿ ಇಪ್ಪತ್ತು ಜನ ಕೆಲಸಗಾರರು ಇರಬೇಕಿತ್ತು. ಶಾಲೆಯಲ್ಲಿ ತಯಾರಾಗುವುದು ಸರಕಲ್ಲ, ಮಕ್ಕಳು. ಕೆಲಸಗಾರ ಒಬ್ಬನೇ, ಹೆಚ್ಚೆಂದರೆ ಇಬ್ಬರು. ಭದ್ರಾವತಿಯ ಗೇಟಿನ ಮುಂದೆ ಸಾವಿರ ಜನ ಸೇರಬಹುದು. ಲ್ಯಾಬ್ ಅಟೆಂಡರ್ ತನ್ನ ಶಾಲೆಯಲ್ಲಿ ಒಂಟಿ.

ರಾಜಪ್ಪನವರ ಮೊಕದ್ದಮೆ

ಸುರಕ್ಷತೆ ಕೇಳುವ ಮೊದಲು ‘ನೀನು ಕೆಲಸಗಾರ ಹೌದೋ ಅಲ್ಲವೋ’ ಎಂಬುದೇ ಇತ್ಯರ್ಥವಾಗಬೇಕಿತ್ತು. 1963ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಬಸ್ ಚಾಲಕರಿಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿದ್ಯಾಸಂಸ್ಥೆ ‘ಉದ್ಯಮ’ ಅಲ್ಲವೆಂದಿತು. ಅಲ್ಲಿ ಮುಖ್ಯ ಕೆಲಸ ಅಧ್ಯಾಪಕರದು, ಅವರು ಕಾರ್ಮಿಕರಲ್ಲ, ಉಳಿದವರ ಪಾತ್ರ ಗೌಣ ಎಂಬ ಧಾಟಿಯ ತರ್ಕ. ಆ ಗೌಣರ ಸಾಲಿನಲ್ಲಿ ಲ್ಯಾಬ್ ಅಟೆಂಡರ್ ಕೂಡ ಸೇರಿಹೋದ. ಕೆಲಸದಿಂದ ತೆಗೆದರೆ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತುವ ದಾರಿ ಅವನಿಗೆ ಮುಚ್ಚಿತು.

ಅದನ್ನು ತೆರೆದದ್ದು ಶಾಲೆಗೂ ರಸಾಯನಕ್ಕೂ ಸಂಬಂಧವಿಲ್ಲದ ಒಂದು ಮೊಕದ್ದಮೆ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ತನ್ನ ನೌಕರರಾದ ಎ. ರಾಜಪ್ಪ ಮತ್ತಿತರರಿಗೆ ಅಶಿಸ್ತಿನ ಆರೋಪದ ಮೇಲೆ ದಂಡ ಹಾಕಿ ಹಣ ವಸೂಲು ಮಾಡಿತ್ತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ತಾನು ಉದ್ಯಮವೇ ಅಲ್ಲ ಎಂದು ಮಂಡಳಿ ವಾದಿಸಿತು. ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1978ರ ಫೆಬ್ರವರಿ 21ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ವ್ಯವಸ್ಥಿತವಾದ ಚಟುವಟಿಕೆ, ಮಾಲೀಕ ಮತ್ತು ನೌಕರರ ಸಹಕಾರ, ಜನರಿಗೆ ಬೇಕಾದ ಸರಕು ಅಥವಾ ಸೇವೆ – ಈ ಮೂರೂ ಇದ್ದರೆ ಲಾಭದ ಉದ್ದೇಶ ಇರಲಿ ಬಿಡಲಿ, ಅದು ಉದ್ಯಮವೇ ಎಂದು ಬಹುಮತದ ತೀರ್ಪು ಹೇಳಿತು. ವಿದ್ಯಾಸಂಸ್ಥೆಗಳೂ ಆ ವ್ಯಾಪ್ತಿಗೆ ಬಂದವು. 1963ರ ತೀರ್ಪು ರದ್ದಾಯಿತು. ನೌಕರರೇ ಇಲ್ಲದಂತಿರುವ ಗುರುಕುಲಗಳಿಗೆ, ಪುಟ್ಟ ಸಂಶೋಧನಾಲಯಗಳಿಗೆ ಮಾತ್ರ ವಿನಾಯಿತಿಯ ಕಿಂಡಿ ಉಳಿಯಿತು.

ಹತ್ತು ವರ್ಷಗಳ ನಂತರ, 1988ರಲ್ಲಿ, ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಗೆರೆ ಎಳೆಯಿತು: ಶಾಲೆ ಉದ್ಯಮ ಹೌದು, ಆದರೆ ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ ಶಿಕ್ಷಕರು ಕಾರ್ಮಿಕರಲ್ಲ. ಒಂದೇ ಪ್ರಯೋಗಾಲಯದಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ ನಿಂತವರಲ್ಲಿ ಪಾಠ ಹೇಳುವವರು ಆ ಕಾಯಿದೆಯ ಹೊರಗೆ ಉಳಿದರು, ಸೀಸೆ ತೊಳೆಯುವವರು ಒಳಗೆ ಬಂದರು. ಗೌಣನೆಂದು ಎಣಿಸಿದವನಿಗೆ ಸಿಕ್ಕ ಅಪರೂಪದ ಮೇಲುಗೈ ಇದು.

ಆದರೆ ಸಿಕ್ಕಿದ್ದೇನು ಎಂಬುದನ್ನೂ ನೋಡಬೇಕು. ವಜಾ, ವೇತನಗಳ ವಿವಾದವನ್ನು ಎತ್ತುವ ಹಕ್ಕು ಸಿಕ್ಕಿತು. ಕನ್ನಡಕ, ಕೈಗವಸು, ಹೊಗೆ ಹೊರಗೆಳೆಯುವ ಕಪಾಟು ಸಿಗಲಿಲ್ಲ; ಅವು ಬೇರೆಯೇ ಕಾಯಿದೆಯಲ್ಲಿದ್ದವು. ಸಿಕ್ಕ ಹಕ್ಕಿನ ಮೇಲೂ ತೂಗುಕತ್ತಿ ಇತ್ತು. ವಿದ್ಯಾಸಂಸ್ಥೆಗಳನ್ನು ‘ಉದ್ಯಮ’ದಿಂದ ಹೊರಗಿಡುವ ತಿದ್ದುಪಡಿಗೆ ಸಂಸತ್ತು 1982ರಲ್ಲೇ ಒಪ್ಪಿಗೆ ಕೊಟ್ಟಿತು, ಆದರೆ ಆ ಭಾಗ ಜಾರಿಗೆ ಬರಲೇ ಇಲ್ಲ. 1978ರ ತೀರ್ಪನ್ನು ಮರುಪರಿಶೀಲಿಸುವ ಪ್ರಶ್ನೆ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು.

ಕಾವಲುಗಾರನಾಗಿ ಕಂಡವನು

ಕಾನೂನು ಶಾಲೆಯ ಆಮ್ಲದ ಸೀಸೆಯನ್ನು ನೇರವಾಗಿ ನೋಡಿದ್ದು 2013ರಲ್ಲಿ. ಹೆಣ್ಣುಮಕ್ಕಳ ಮೇಲೆ ಆಮ್ಲ ಎರಚುವ ಕ್ರೌರ್ಯ ತಡೆಯಲು ಆ ವರ್ಷದ ಜುಲೈ 18ರಂದು ಸುಪ್ರೀಂ ಕೋರ್ಟ್ ಆದೇಶ ಹೊರಡಿಸಿತು. ಅಂಗಡಿಯವರು ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಹೆಸರು, ವಿಳಾಸ, ಪ್ರಮಾಣ ಬರೆದಿಡಬೇಕು, ಹದಿನೆಂಟು ತುಂಬದವರಿಗೆ ಮಾರಬಾರದು. ಗಾಂಧಿ ಬಜಾರಿನಂಥ ಪೇಟೆಗಳಿಗೆಲ್ಲ ಅದು ಅನ್ವಯ. ಅದೇ ಆದೇಶ ವಿದ್ಯಾಸಂಸ್ಥೆಗಳಿಗೂ ಮೂರು ಮಾತು ಹೇಳಿತು: ಆಮ್ಲ ಬಳಕೆಯ ರಿಜಿಸ್ಟರ್ ಇಡಬೇಕು, ಆಮ್ಲಕ್ಕೆ ಒಬ್ಬ ವ್ಯಕ್ತಿಯನ್ನು ಹೊಣೆ ಮಾಡಬೇಕು, ಪ್ರಯೋಗಾಲಯದಿಂದ ಹೊರಹೋಗುವ ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಕಡ್ಡಾಯವಾಗಿ ತಪಾಸಣೆ ಮಾಡಬೇಕು.

ಆದೇಶ ಅಗತ್ಯವಾದದ್ದೇ, ಅದರ ಉದ್ದೇಶವನ್ನು ಯಾರೂ ಪ್ರಶ್ನಿಸಲಾರರು. ಆದರೆ ಕಪಾಟಿನ ಬೀಗದ ಕೈ ಸಾಮಾನ್ಯವಾಗಿ ಯಾರ ಬಳಿ ಇರುತ್ತದೆ? ಸೀಸೆ ಕಾಣೆಯಾದರೆ ಉತ್ತರ ಕೊಡಬೇಕಾದವನು ಅಟೆಂಡರ್. ಅದೇ ಸೀಸೆ ಅವನ ಕೈಮೇಲೆ ಒಡೆದರೆ ಉತ್ತರ ಕೊಡಬೇಕಾದವರು ಯಾರು ಎಂಬುದು ಅಷ್ಟೇ ಸ್ಪಷ್ಟವಾಗಿ ಬರೆದಿಲ್ಲ. ಕಾನೂನಿಗೆ ಅವನು ಕಂಡದ್ದು ಆಮ್ಲವನ್ನು ಕಾಯುವವನಾಗಿ.

ಬೇರೆ ದೇಶಗಳೂ ಈ ಹಾದಿಯಲ್ಲೇ ನಡೆದಿವೆ. ಬ್ರಿಟನ್ನಿನಲ್ಲಿಯೂ ಕಾರ್ಖಾನೆ, ಗಣಿ, ಕಚೇರಿಗಳಿಗೆ ಬೇರೆ ಬೇರೆ ಕಾಯಿದೆಗಳಿದ್ದು ಶಾಲೆಗಳ ಸಿಬ್ಬಂದಿ ಅವುಗಳ ನಡುವೆ ಬಿಟ್ಟುಹೋಗಿದ್ದರು. 1972ರಲ್ಲಿ ರಾಬೆನ್ಸ್ ಸಮಿತಿ ಈ ತೇಪೆ ಕೆಲಸ ಸಾಕೆಂದಿತು. 1974ರ ಕಾಯಿದೆ ಜಾಗದ ಲೆಕ್ಕ ಬಿಟ್ಟು, ಕೆಲಸಕ್ಕೆ ಹೋಗುವ ಪ್ರತಿಯೊಬ್ಬರ ಆರೋಗ್ಯ ಮತ್ತು ಸುರಕ್ಷತೆ ಮಾಲೀಕನ ಹೊಣೆ ಎಂದಿತು. ಶಾಲೆಯ ಲ್ಯಾಬ್ ಸಿಬ್ಬಂದಿ ಅಂದಿನಿಂದ ಅದರ ನೆರಳಿಗೆ ಬಂದರು.

ನಮ್ಮಲ್ಲಿ 2019 ಮತ್ತು 2020ರಲ್ಲಿ ಹಳೆಯ ಕಾರ್ಮಿಕ ಕಾಯಿದೆಗಳನ್ನು ನಾಲ್ಕು ಸಂಹಿತೆಗಳಾಗಿ ಕೂಡಿಸಲಾಯಿತು. 2025ರ ನವೆಂಬರ್ 21ರಂದು ಅವು ಜಾರಿಗೆ ಬಂದವು. 1948ರ ಫ್ಯಾಕ್ಟರಿ ಕಾಯಿದೆಯ ಜಾಗಕ್ಕೆ ಬಂದ ಸುರಕ್ಷತಾ ಸಂಹಿತೆ ಕಾರ್ಖಾನೆಗಳಾಚೆಗೂ ಕೈಚಾಚುತ್ತದೆ, ಆದರೆ ಸಾಮಾನ್ಯವಾಗಿ ಹತ್ತು ಕೆಲಸಗಾರರ ಲೆಕ್ಕ ಕೇಳುತ್ತದೆ. ಸರ್ಕಾರಿ ಕಚೇರಿಗಳನ್ನು ಹೊರಗಿಡುತ್ತದೆ. ಅಲ್ಲಿ ಗುತ್ತಿಗೆದಾರರ ಮೂಲಕ ಬಂದವರನ್ನು ಮಾತ್ರ ಒಳಗೆ ತರುತ್ತದೆ. ಕೈಗಾರಿಕಾ ಸಂಬಂಧಗಳ ಸಂಹಿತೆ ಧರ್ಮಾರ್ಥ ಸೇವೆಯಲ್ಲಿ ತೊಡಗಿದ ಸಂಘಟನೆಗಳ ಸಂಸ್ಥೆಗಳನ್ನು ‘ಉದ್ಯಮ’ದಿಂದ ಬಿಟ್ಟಿದೆ. ಟ್ರಸ್ಟುಗಳು ನಡೆಸುವ ಶಾಲೆಗಳು ಈ ಸಾಲಿಗೆ ಸೇರುತ್ತವೆಯೇ, ಸರ್ಕಾರಿ ಶಾಲೆ ಕಚೇರಿಯೇ ಎಂಬ ಪ್ರಶ್ನೆಗಳು ನ್ಯಾಯಾಲಯಗಳ ಬಾಗಿಲಿಗೆ ಬರದೆ ಇರಲಾರವು. ರಾಜಪ್ಪನವರ ಮೊಕದ್ದಮೆಯ ಪ್ರಶ್ನೆ ಹೊಸ ಉಡುಪಿನಲ್ಲಿ ಮತ್ತೆ ನಿಂತಿದೆ.

ಸಂಘಗಳ ಕೆಲಸ

ಸರ್ಕಾರಿ ಶಾಲೆ ಕಾಲೇಜುಗಳ ಅಟೆಂಡರ್‌ಗಳಿಗೆ ಸಂಘಬಲ ಇಲ್ಲವೆಂದಲ್ಲ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರ ಸಂಘ ಮುಷ್ಕರ ಹೂಡಿದಾಗ ಸರ್ಕಾರ ಅದೇ ದಿನ ಶೇಕಡಾ 17ರ ಮಧ್ಯಂತರ ಪರಿಹಾರ ಪ್ರಕಟಿಸಿತು. ಆ ಮುಷ್ಕರದ ಮುಖ್ಯ ಬೇಡಿಕೆಗಳು ವೇತನ ಆಯೋಗ ಮತ್ತು ಹಳೆಯ ಪಿಂಚಣಿ. ಲಕ್ಷಾಂತರ ಜನರ ಸಂಘದಲ್ಲಿ ಎಲ್ಲರಿಗೂ ಸಮಾನವಾದ ಬೇಡಿಕೆ ಮುಂದೆ ಬರುವುದು ಸಹಜ. ಹೊಗೆಯ ಕಪಾಟು ಕೆಲವರಿಗಷ್ಟೇ ಬೇಕಾದದ್ದು, ಆದ್ದರಿಂದ ಹಿಂದೆ ಉಳಿಯುತ್ತದೆ.

ಬೇಕಾದದ್ದು ದೊಡ್ಡ ವೆಚ್ಚದ್ದೇನೂ ಅಲ್ಲ. ಕಣ್ಣಿಗೆ ಕನ್ನಡಕ, ಕೈಗೆ ತಕ್ಕ ಗವಸು. ಪಿಪೆಟ್ಟಿಗೆ ರಬ್ಬರ್ ಬುರುಡೆ. ಬಾಯಿಂದ ಎಳೆಯುವ ಅಭ್ಯಾಸಕ್ಕೆ ಪೂರ್ಣವಿರಾಮ. ಧಾರಾಳವಾಗಿ ನೀರು ಬರುವ ನಲ್ಲಿ, ಏಕೆಂದರೆ ಕಣ್ಣಿಗೆ ಆಮ್ಲ ಬಿದ್ದಾಗ ಮೊದಲ ವೈದ್ಯ ನೀರೇ. ಸೀಸೆಯ ಮೇಲೆ ಕನ್ನಡದ ಚೀಟಿ. ಕಾರ್ಖಾನೆಯ ಫಲಕ ಕೆಲಸಗಾರನ ಭಾಷೆಯಲ್ಲಿರಬೇಕೆಂದು 1948ರಲ್ಲೇ ಒಪ್ಪಿದ ದೇಶ ಇದು. ಆಮ್ಲದ ರಿಜಿಸ್ಟರ್ ಪಕ್ಕದಲ್ಲೇ ಇನ್ನೊಂದು ಪುಸ್ತಕ, ಗಾಯಗಳನ್ನು ಬರೆದಿಡುವುದಕ್ಕೆ. ಎಷ್ಟು ಮಿಲಿಲೀಟರ್ ಖರ್ಚಾಯಿತೆಂದು ಲೆಕ್ಕವಿಡುವ ಸಂಸ್ಥೆ ಎಷ್ಟು ಕೈ ಸುಟ್ಟವೆಂದೂ ಲೆಕ್ಕವಿಡಬಹುದು.

ಭದ್ರಾವತಿಯ ಕಾರ್ಮಿಕನಿಗೆ ಕಾನೂನಿನಿಂದ ಸಿಕ್ಕದ್ದನ್ನು ಪಕ್ಕದೂರಿನ ಶಾಲೆಯ ಅಟೆಂಡರಿಗೆ ನಿರಾಕರಿಸಲು ರಸಾಯನಶಾಸ್ತ್ರದಲ್ಲಿ ಯಾವ ಕಾರಣವೂ ಇಲ್ಲ. ಕಾರಣವಿರುವುದು ಕಾಯಿದೆಗಳ ವ್ಯಾಖ್ಯೆಯಲ್ಲಿ ಮಾತ್ರ. ಒಂದು ನೀರು ಮಂಡಳಿಯ ನೌಕರರು ಹಠ ಹಿಡಿದು ಕೇಳಿದ್ದರಿಂದ ಒಮ್ಮೆ ಆ ವ್ಯಾಖ್ಯೆ ದೇಶಕ್ಕೇ ಬದಲಾದದ್ದುಂಟು.